ವಾರಾಂತ್ಯದ ಕಾರ್ಯಾಗಾರದಿಂದ ಆಪರೇಷನ್ ಥಿಯೇಟರಿಗೆ: ಪಿತ್ತಕೋಶದ ಕೀಹೋಲ್ ಶಸ್ತ್ರಚಿಕಿತ್ಸೆ ಹರಡಿದ ಬಗೆ, 1988–1992

1992ರ ಜೂನ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ತನ್ನ ವ್ಯಾಪ್ತಿಯ ಆಸ್ಪತ್ರೆಗಳಿಗೆ ಒಂದು ಸೂಚನೆ ಕಳುಹಿಸಿತು. ಲ್ಯಾಪರೋಸ್ಕೋಪ್ (ಹೊಟ್ಟೆಯ ಚಿಕ್ಕ ತೂತಿನಿಂದ ಒಳಭಾಗವನ್ನು ನೋಡಲು ತೂರಿಸುವ ಕೊಳವೆ) ಮೂಲಕ ಪಿತ್ತಕೋಶ ತೆಗೆಯಬಯಸುವ ಸರ್ಜನ್, ಸ್ವತಂತ್ರವಾಗಿ ಆ ಶಸ್ತ್ರಚಿಕಿತ್ಸೆಗೆ ಕೈಹಾಕುವ ಮುನ್ನ, ಅದರಲ್ಲಿ ಪಳಗಿದ ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಕನಿಷ್ಠ 15 ರೋಗಿಗಳ ಮೇಲೆ ಅದನ್ನು ಮಾಡಿರಬೇಕು ಎಂಬುದು ಆ ಸೂಚನೆಯ ತಿರುಳು. ಎಷ್ಟು ಕಲಿತರೆ ಸಾಕು ಎಂಬುದನ್ನು ವೈದ್ಯರೂ ಅವರವರ ಆಸ್ಪತ್ರೆಗಳೂ ತೀರ್ಮಾನಿಸಿಕೊಳ್ಳುವುದೇ ವಾಡಿಕೆಯಾಗಿದ್ದ ದೇಶದಲ್ಲಿ, ಸರ್ಕಾರದ ಇಲಾಖೆಯೊಂದು ಹೀಗೆ ಲೆಕ್ಕ ಹೇಳಿ ಗೆರೆ ಎಳೆದದ್ದು ಅಪರೂಪದ ಸಂಗತಿ. ಸೂಚನೆ ಹೊರಟದ್ದು ಹೊಸದಾಗಿ ಪದವಿ ಪಡೆದವರನ್ನು ಕುರಿತೂ ಅಲ್ಲ. ಹೊಟ್ಟೆಯನ್ನು ತೆರೆದು ಪಿತ್ತಕೋಶ ತೆಗೆಯುವುದರಲ್ಲಿ ಹತ್ತಿಪ್ಪತ್ತು ವರ್ಷಗಳ ಅನುಭವವಿದ್ದ, ತಮ್ಮ ಊರುಗಳಲ್ಲಿ ಹೆಸರು ಮಾಡಿದ್ದ ಸರ್ಜನ್‌ಗಳಿಗೇ ಅದು ಅನ್ವಯಿಸುತ್ತಿತ್ತು.

ಅದಕ್ಕೂ ಹಿಂದಿನ ಮೂರು ವರ್ಷಗಳಲ್ಲಿ ಇಂಥ ಸಾವಿರಾರು ಸರ್ಜನ್‌ಗಳು ಹೊಸ ಉಪಕರಣವನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದದ್ದು ವಾರಾಂತ್ಯದ ಕಾರ್ಯಾಗಾರಗಳಲ್ಲಿ. ಎರಡು ದಿನಗಳ ಉಪನ್ಯಾಸ, ವಿಡಿಯೋ, ಹಂದಿಯ ಮೇಲೆ ಪ್ರಾತ್ಯಕ್ಷಿಕೆ, ಕೊನೆಗೊಂದು ಪ್ರಮಾಣಪತ್ರ. ಹೊಸ ವೈದ್ಯಕೀಯ ತಂತ್ರಜ್ಞಾನವನ್ನು ಕೈಯಾರೆ ಮುಟ್ಟಿ, ಬಳಸಿ ನೋಡುವ ಇಂಥ ಪ್ರಾತ್ಯಕ್ಷಿಕೆಗಳು ಯಾವುದನ್ನು ಚೆನ್ನಾಗಿ ಕಲಿಸುತ್ತವೆ, ಯಾವುದು ಅವುಗಳ ಕಣ್ಣಿಗೆ ಬೀಳದೆ ಉಳಿಯುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗಲಾರದು. ಇಲ್ಲಿ ಫಲಿತಾಂಶದ ಲೆಕ್ಕವೂ ಸಿಗುತ್ತದೆ, ತಪ್ಪು ನಡೆದ ಜಾಗವನ್ನು ಮಿಲಿಮೀಟರಿನ ಲೆಕ್ಕದಲ್ಲಿ ತೋರಿಸಲೂ ಸಾಧ್ಯವಿದೆ.

ಒಂದು ಶತಮಾನ ಅಲುಗದ ಶಸ್ತ್ರಚಿಕಿತ್ಸೆ

ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಿಂದ ಮೊದಲು ತೆಗೆದವರು ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್. ದಿನಾಂಕ 1882ರ ಜುಲೈ 15. ಮುಂದಿನ ನೂರು ವರ್ಷ ಅದರ ಮೂಲ ಸ್ವರೂಪ ಬದಲಾಗಲಿಲ್ಲ. ಬಲಪಕ್ಕೆಲುಬಿನ ಕೆಳಗೆ ಉದ್ದನೆಯ ಗಾಯ ಮಾಡಿ, ಕೈ ಒಳಗಿಟ್ಟು, ನಾಳಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸಿ, ಕಟ್ಟಿ, ಕತ್ತರಿಸುವುದು ಪದ್ಧತಿಯಾಗಿತ್ತು. ಸುರಕ್ಷತೆಯ ದೃಷ್ಟಿಯಿಂದ ಅದು ಸಾಕಷ್ಟು ಪಕ್ವವಾಗಿದ್ದ ವಿಧಾನ. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವ ಪ್ರಮಾಣ ಸಾವಿರಕ್ಕೆ ಒಂದೆರಡರಷ್ಟಿತ್ತು. ರೋಗಿಗಳ ಕಷ್ಟವೆಲ್ಲ ಗಾಯದ್ದು: ಉಸಿರೆಳೆದರೆ ನೋವು, ಹಲವು ದಿನಗಳ ಆಸ್ಪತ್ರೆ ವಾಸ, ಕೆಲಸಕ್ಕೆ ಮರಳಲು ತಿಂಗಳು ಒಂದೂವರೆ ತಿಂಗಳು.

1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ಎರಿಕ್ ಮ್ಯೂಹೆ ಎಂಬ ಸರ್ಜನ್ ಲ್ಯಾಪರೋಸ್ಕೋಪ್ ಬಳಸಿ ಪಿತ್ತಕೋಶ ತೆಗೆದರು. ಮರುವರ್ಷ ಜರ್ಮನ್ ಸರ್ಜನ್‌ಗಳ ಸಂಘದ ಸಮಾವೇಶದಲ್ಲಿ ಅದನ್ನು ಮಂಡಿಸಿದಾಗ ಅವರಿಗೆ ದೊರೆತದ್ದು ಮೆಚ್ಚುಗೆಯಲ್ಲ, ಲೇವಡಿ. ಅದೇ ಸಂಘ 1992ರಲ್ಲಿ ಅವರನ್ನು ಗೌರವಿಸಿತು. ಆ ಹೊತ್ತಿಗೆ ಇಡೀ ಜಗತ್ತು ಅವರ ದಾರಿ ಹಿಡಿದಾಗಿತ್ತು. 1987ರ ಮಾರ್ಚ್‌ನಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೂರೆ ವಿಡಿಯೋ ಕ್ಯಾಮೆರಾ ಜೋಡಿಸಿದ ಲ್ಯಾಪರೋಸ್ಕೋಪ್‌ನಿಂದ ಅದೇ ಕೆಲಸ ಮಾಡಿದರು. ಪ್ಯಾರಿಸ್‌ನ ಫ್ರಾಂಸ್ವಾ ದ್ಯುಬ್ವಾ ಮತ್ತು ಬೋರ್ಡೋದ ಜಾಕ್ ಪೆರಿಸಾ ಅದನ್ನು ಮುಂದುವರಿಸಿದರು. 1988ರ ಜೂನ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಮರಿಯೆಟ್ಟಾದಲ್ಲಿ ಬ್ಯಾರಿ ಮೆಕರ್ನನ್ ಮತ್ತು ವಿಲಿಯಂ ಸೇ, ಅದೇ ವರ್ಷ ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ಎಡ್ಡಿ ಜೋ ರೆಡಿಕ್ ಮತ್ತು ಡಗ್ಲಸ್ ಓಲ್ಸನ್ ಅದನ್ನು ಆರಂಭಿಸಿದರು.

ಇವರಲ್ಲಿ ಮೊದಲಿಗರು ಯಾರು ಎಂಬ ವಾದಕ್ಕೆ ನಮ್ಮ ವಿಷಯದಲ್ಲಿ ಹೆಚ್ಚು ಮಹತ್ವವಿಲ್ಲ. ಮಹತ್ವವಿರುವುದು ಕ್ಯಾಮೆರಾಕ್ಕೆ. ಅದಕ್ಕೂ ಮೊದಲು ಲ್ಯಾಪರೋಸ್ಕೋಪ್ ಎಂದರೆ ಸರ್ಜನ್ ಒಬ್ಬರೇ ಒಂದು ಕಣ್ಣು ಮುಚ್ಚಿ ಕೊಳವೆಯೊಳಗೆ ಇಣುಕುವ ಸಾಧನವಾಗಿತ್ತು. ಸಹಾಯಕರಿಗೆ ಏನೂ ಕಾಣುತ್ತಿರಲಿಲ್ಲ. ಚಿಪ್ ಇರುವ ಚಿಕ್ಕ ಕ್ಯಾಮೆರಾವನ್ನು ಅದರ ಹಿಂಬದಿಗೆ ಸಿಕ್ಕಿಸಿದ ಮೇಲೆ ಹೊಟ್ಟೆಯ ಒಳಭಾಗ ಟಿವಿ ಪರದೆಯ ಮೇಲೆ ಮೂಡಿತು. ಕೋಣೆಯಲ್ಲಿದ್ದವರೆಲ್ಲ ಒಂದೇ ದೃಶ್ಯವನ್ನು ನೋಡಬಹುದಾಯಿತು. ಶಸ್ತ್ರಚಿಕಿತ್ಸೆಯನ್ನು ರೆಕಾರ್ಡ್ ಮಾಡಿ ಸಮಾವೇಶದಲ್ಲಿ ತೋರಿಸಲೂ ಸಾಧ್ಯವಾಯಿತು. 1989ರ ಏಪ್ರಿಲ್‌ನಲ್ಲಿ ಲೂಯಿವಿಲ್ ನಗರದಲ್ಲಿ ಅಮೆರಿಕದ ಎಂಡೋಸ್ಕೋಪಿಕ್ ಸರ್ಜನ್‌ಗಳ ಸಂಘ ಸೇರಿದ್ದಾಗ ಪೆರಿಸಾ ತೋರಿಸಿದ ವಿಡಿಯೋ ಇಂಥದ್ದು. ಈ ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆದ ಹಲವರು ಅದನ್ನು ತಿರುವಿನ ಗಳಿಗೆ ಎಂದೇ ಪರಿಗಣಿಸಿದ್ದಾರೆ. ಉಪಕರಣವನ್ನು ಜನಪ್ರಿಯಗೊಳಿಸಿದ್ದು ಲೇಖನಗಳಲ್ಲ, ಹೋಲಿಕಾ ಪರೀಕ್ಷೆಗಳೂ ಅಲ್ಲ. ಕಣ್ಣೆದುರು ಓಡಿದ ಚಿತ್ರ.

ಎರಡು ದಿನಗಳಲ್ಲಿ ಏನು ನಡೆಯುತ್ತಿತ್ತು

ವಿಡಿಯೋ ನೋಡಿದ ಸರ್ಜನ್‌ಗೆ ಮುಂದಿನ ದಾರಿ ಕಾರ್ಯಾಗಾರವೇ. ನ್ಯಾಶ್‌ವಿಲ್‌ನಲ್ಲಿ ರೆಡಿಕ್ ಮತ್ತು ಓಲ್ಸನ್ ನಡೆಸಿದ ತರಬೇತಿಗಳು ಇದಕ್ಕೆ ಮಾದರಿ ಹಾಕಿಕೊಟ್ಟವು. ಆಮೇಲೆ ವಿಶ್ವವಿದ್ಯಾಲಯಗಳೂ ಖಾಸಗಿ ಸಂಸ್ಥೆಗಳೂ ಉಪಕರಣ ತಯಾರಕರೂ ಇದೇ ಬಗೆಯ ತರಬೇತಿಗಳನ್ನು ನಡೆಸತೊಡಗಿದರು. ಸಾಮಾನ್ಯವಾಗಿ ಮೊದಲ ದಿನ ಉಪನ್ಯಾಸ, ವಿಡಿಯೋ, ಥಿಯೇಟರಿನಿಂದ ಪರದೆಗೆ ನೇರವಾಗಿ ಬರುವ ಶಸ್ತ್ರಚಿಕಿತ್ಸೆಯ ವೀಕ್ಷಣೆ. ಎರಡನೆಯ ದಿನ, ಅರಿವಳಿಕೆ ಕೊಟ್ಟ ಹಂದಿಯ ಸುತ್ತ ಇಬ್ಬರು ಮೂವರು ಸರ್ಜನ್‌ಗಳು ನಿಂತು, ಒಬ್ಬರು ಕ್ಯಾಮೆರಾ ಹಿಡಿದು, ಒಬ್ಬರು ಪಿತ್ತಕೋಶವನ್ನು ಎಳೆದು ಹಿಡಿದು, ಇನ್ನೊಬ್ಬರು ಬಿಡಿಸುತ್ತ, ಸರದಿಯ ಮೇಲೆ ಜಾಗ ಬದಲಾಯಿಸಿಕೊಳ್ಳುತ್ತಿದ್ದರು.

ಈ ಅಭ್ಯಾಸ ಕಲಿಸುತ್ತಿದ್ದುದು ಸಣ್ಣ ವಿಷಯವೇನಲ್ಲ. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡದಲ್ಲಿ ಅದನ್ನು ಉಬ್ಬಿಸಿ ನಿಲ್ಲಿಸಬೇಕು. ಹೊಕ್ಕುಳ ಬಳಿ ಕ್ಯಾಮೆರಾಕ್ಕೆ ಒಂದು, ಎದೆಮೂಳೆಯ ಕೆಳಗೆ ಇನ್ನೊಂದು, ಬಲಪಕ್ಕದಲ್ಲಿ ಎರಡು ಚಿಕ್ಕವು, ಹೀಗೆ ನಾಲ್ಕು ತೂತುಗಳಲ್ಲಿ ಟ್ರೋಕಾರ್‌ಗಳನ್ನು, ಅಂದರೆ ಉಪಕರಣಗಳನ್ನು ಒಳಗೆ ಕಳಿಸುವ ಕೊಳವೆಗಳನ್ನು, ಕೂರಿಸಬೇಕು. ಉದ್ದನೆಯ ಉಪಕರಣ ಹೊಟ್ಟೆಯ ಗೋಡೆಯಲ್ಲಿ ತಿರುಗಣೆಯ ಮೇಲೆ ನಿಂತಂತೆ ಆಡುವುದರಿಂದ, ಹಿಡಿಯನ್ನು ಎಡಕ್ಕೆ ತಳ್ಳಿದರೆ ತುದಿ ಬಲಕ್ಕೆ ಹೋಗುತ್ತದೆ, ಕೆಳಕ್ಕೆ ಒತ್ತಿದರೆ ತುದಿ ಮೇಲೇಳುತ್ತದೆ. ಪರದೆಯಲ್ಲಿ ಆಳ ಕಾಣುವುದಿಲ್ಲ. ಇಕ್ಕಳ ಅಂಗಾಂಶವನ್ನು ಮುಟ್ಟಿತೇ ಇಲ್ಲವೇ ಎಂಬುದು ಅಂಗಾಂಶ ಕದಲಿದಾಗಲೇ ತಿಳಿಯುತ್ತದೆ. ಮೊದಲ ಬಾರಿ ಹಿಡಿದ ನುರಿತ ಸರ್ಜನ್ ಕೂಡ ಇದರ ಮುಂದೆ ಅಕ್ಷರಾಭ್ಯಾಸದ ಮಗುವಿನಂತೆ ತಡವರಿಸುವುದು ಸಹಜ. ಒಂದು ದಿನದ ಕೈಕೆಲಸದಿಂದ ಆ ತಡವರಿಕೆ ಗಣನೀಯವಾಗಿ ಇಳಿಯುತ್ತದೆ. ಅಂದರೆ ಪ್ರಾತ್ಯಕ್ಷಿಕೆ ತಾನು ಹೇಳಿಕೊಂಡದ್ದನ್ನು ಮಾಡುತ್ತಿತ್ತು: ಅಪರಿಚಿತ ಉಪಕರಣವನ್ನು ಕೈಗೆ ಪರಿಚಯಿಸುತ್ತಿತ್ತು.

ತೊಡಕು ಎರಡು ಕಡೆ ಇತ್ತು. ಒಂದು, ಹಂದಿ. ತರಬೇತಿಗೆ ತರುತ್ತಿದ್ದುದು ಆರೋಗ್ಯವಾಗಿರುವ ಎಳೆಯ ಪ್ರಾಣಿಯನ್ನು. ಅದರ ಪಿತ್ತಕೋಶದ ಗೋಡೆ ತೆಳುವಾಗಿರುತ್ತದೆ, ಒಳಗೆ ಕಲ್ಲಿರುವುದಿಲ್ಲ, ಸುತ್ತ ಕೊಬ್ಬು ಕಡಿಮೆ, ನಾಳಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆಸ್ಪತ್ರೆಗೆ ಬರುವ ರೋಗಿಯ ಸ್ಥಿತಿಯೇ ಬೇರೆ. ಕಲ್ಲಿನಿಂದ ಹಲವು ಬಾರಿ ಉರಿಯೂತವಾಗಿ, ಪಿತ್ತಕೋಶ ದಪ್ಪವಾಗಿ ಕುಗ್ಗಿ, ನಾಳ ಮತ್ತು ರಕ್ತನಾಳಗಳ ಸುತ್ತಲಿನ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಕಾಯಿಲೆಯೇ ಇಲ್ಲದ ದೇಹದ ಮೇಲೆ ಕಾಯಿಲೆಯ ಶಸ್ತ್ರಚಿಕಿತ್ಸೆಯನ್ನು ಕಲಿಸುವ ಈ ವೈಚಿತ್ರ್ಯವನ್ನು ಆಗ ಯಾರೂ ದೊಡ್ಡದಾಗಿ ಎಣಿಸಿದಂತೆ ಕಾಣುವುದಿಲ್ಲ.

ಎರಡನೆಯದು ಪ್ರಮಾಣಪತ್ರ. ಕಾರ್ಯಾಗಾರದ ಆಯೋಜಕರು ಅದನ್ನು ಹಾಜರಾತಿಯ ಪುರಾವೆಯಾಗಿ ಕೊಡುತ್ತಿದ್ದರು. ಬಹಳಷ್ಟು ಆಸ್ಪತ್ರೆಗಳು ಅದನ್ನು ಅರ್ಹತೆಯ ಪುರಾವೆಯಾಗಿ ಸ್ವೀಕರಿಸಿದವು. ಇದರ ಹಿಂದೆ ಅವಸರವಿತ್ತು. ಮರುದಿನವೇ ಮನೆಗೆ ಹೋಗಬಹುದು, ವಾರದಲ್ಲಿ ಕೆಲಸಕ್ಕೆ ಮರಳಬಹುದು ಎಂಬ ಸುದ್ದಿ ಪತ್ರಿಕೆ, ಟಿವಿಗಳಲ್ಲಿ ಬಂದ ಮೇಲೆ ರೋಗಿಗಳೇ ಕೇಳತೊಡಗಿದ್ದರು. ಪಿತ್ತಕೋಶದ ಕಲ್ಲು ಅಮೆರಿಕದ ಸಾಮಾನ್ಯ ಸರ್ಜನ್‌ನ ನಿತ್ಯದ ಕಸುಬು. ಅದು ಪಕ್ಕದ ಆಸ್ಪತ್ರೆಗೆ ಹೋದರೆ ಆತನ ಆದಾಯವೇ ಅಲುಗುತ್ತಿತ್ತು. ಕಲ್ಲನ್ನು ಔಷಧಿಯಿಂದ ಕರಗಿಸುವ, ಆಘಾತ ತರಂಗಗಳಿಂದ ಪುಡಿಮಾಡುವ ಪ್ರಯತ್ನಗಳೂ ಅದೇ ಕಾಲದಲ್ಲಿ ನಡೆದಿದ್ದರಿಂದ ಸರ್ಜನ್‌ಗಳಿಗೆ ಆ ದಿಕ್ಕಿನ ಭಯವೂ ಇತ್ತು. ಒಂದನ್ನು ನೋಡು, ಒಂದನ್ನು ಮಾಡು, ಒಂದನ್ನು ಕಲಿಸು ಎಂಬುದು ಶಸ್ತ್ರಚಿಕಿತ್ಸೆಯ ಹಳೆಯ ಬಾಯಿಮಾತು. ಈ ಪ್ರಕರಣದಲ್ಲಿ ನೋಡಿದ್ದು ಪರದೆಯ ಮೇಲೆ, ಮಾಡಿದ್ದು ಹಂದಿಯ ಮೇಲೆ; ಮುಂದಿನ ಸರದಿ ನೇರವಾಗಿ ರೋಗಿಯದು.

ಏಟು ಬಿದ್ದ ಜಾಗ

ಗಾಯ ಎಲ್ಲಿ ಆಗುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವೊಂದು ಕೆಳಗಿಳಿದು, ಯಕೃತ್ತಿನಿಂದ ಕರುಳಿಗೆ ಹರಿಯುವ ಮುಖ್ಯ ಪಿತ್ತನಾಳವನ್ನು ಸೇರುತ್ತದೆ. ಕತ್ತರಿಸಬೇಕಾದದ್ದು ಸಣ್ಣ ನಾಳವನ್ನು. ಯಾವ ಕಾರಣಕ್ಕೂ ಮುಟ್ಟಬಾರದ್ದು ಮುಖ್ಯ ನಾಳವನ್ನು. ಲ್ಯಾಪರೋಸ್ಕೋಪಿಯಲ್ಲಿ ಸಹಾಯಕರು ಪಿತ್ತಕೋಶದ ತುದಿಯನ್ನು ಹಿಡಿದು ಯಕೃತ್ತಿನ ಮೇಲೆ ತಲೆಯ ಕಡೆಗೆ ಎತ್ತುತ್ತಾರೆ. ಪಿತ್ತಕೋಶದ ಕತ್ತಿನ ಭಾಗವನ್ನು ರೋಗಿಯ ಬಲಪಕ್ಕಕ್ಕೆ ಎಳೆದರೆ ಸಣ್ಣ ನಾಳ ಮುಖ್ಯ ನಾಳದಿಂದ ದೂರ ಸರಿದು, ಎರಡರ ನಡುವೆ ಕೋನವೊಂದು ತೆರೆದುಕೊಳ್ಳುತ್ತದೆ. ಹಾಗೆ ಮಾಡದೆ ಕತ್ತನ್ನೂ ಮೇಲಕ್ಕೇ ಎಳೆದರೆ ಆ ಕೋನ ಮುಚ್ಚಿಹೋಗಿ, ಎರಡೂ ನಾಳಗಳು ಒಂದೇ ನೇರದಲ್ಲಿ ನಿಂತುಬಿಡುತ್ತವೆ. ಆಗ ಪರದೆಯ ಮೇಲೆ ಪಿತ್ತಕೋಶದಿಂದ ಇಳಿಯುವ ಒಂದೇ ನಾಳ ಕಾಣುತ್ತದೆ. ಅದು ಮುಖ್ಯ ಪಿತ್ತನಾಳವೇ ಆಗಿರುತ್ತದೆ. ಸರ್ಜನ್ ಅದನ್ನು ಸಣ್ಣ ನಾಳವೆಂದು ನಂಬಿ ಬಿಡಿಸುತ್ತಾರೆ, ಕ್ಲಿಪ್ ಹಾಕುತ್ತಾರೆ, ಕತ್ತರಿಸುತ್ತಾರೆ. ನಂತರ ಪಿತ್ತಕೋಶವನ್ನು ಬಿಡಿಸುತ್ತ ಹೋಗುವಾಗ, ಮೇಲೆ ಯಕೃತ್ತಿನಿಂದ ಹೊರಬರುವ ಅದೇ ನಾಳದ ಇನ್ನೊಂದು ತುದಿಯನ್ನು ‘ಹೆಚ್ಚುವರಿ ನಾಳ’ವೆಂದು ತಿಳಿದು ಅದನ್ನೂ ಕತ್ತರಿಸುತ್ತಾರೆ. ಹೀಗೆ ನಾಳದ ಒಂದು ತುಂಡೇ ಪಿತ್ತಕೋಶದ ಜೊತೆ ಹೊರಬರುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಸರ್ಜನ್‌ಗಳು 1992ರಲ್ಲಿ ಇಂಥ ಗಾಯಗಳನ್ನು ಪರಿಶೀಲಿಸಿ, ಈ ಅನುಕ್ರಮವನ್ನೇ ಅದರ ಪ್ರಾತಿನಿಧಿಕ ರೂಪವೆಂದು ವಿವರಿಸಿದರು.

ಇದರಲ್ಲಿ ಸರ್ಜನ್‌ನ ಕೈ ಎಲ್ಲಿಯೂ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು. ಬಿಡಿಸುವಿಕೆ ಅಚ್ಚುಕಟ್ಟು, ಕ್ಲಿಪ್ ಸರಿಯಾಗಿ ಕುಳಿತಿದೆ, ರಕ್ತಸ್ರಾವವಿಲ್ಲ. ಥಿಯೇಟರಿನಲ್ಲಿರುವ ಯಾರಿಗೂ ಅನುಮಾನ ಬರುವುದಿಲ್ಲ. ಕೆಲವು ಸುಳಿವುಗಳೇನೋ ಇರುತ್ತವೆ: ನಾಳ ನಿರೀಕ್ಷೆಗಿಂತ ಅಗಲವಾಗಿದ್ದು, ಕ್ಲಿಪ್ ಅದರ ಎರಡೂ ಅಂಚನ್ನು ಮುಚ್ಚದೆ ಉಳಿಯುವುದು ಅವುಗಳಲ್ಲಿ ಒಂದು. ತೆರೆದ ಶಸ್ತ್ರಚಿಕಿತ್ಸೆಯಲ್ಲಾದರೆ ಬೆರಳು ಇಂಥ ಸಂಶಯವನ್ನು ಪರಿಹರಿಸುತ್ತಿತ್ತು. ಇಲ್ಲಿ ಬೆರಳಿಗೆ ಪ್ರವೇಶವಿಲ್ಲ, ಕಣ್ಣು ತಾನು ಮೊದಲೇ ನಂಬಿದ್ದನ್ನೇ ಮತ್ತೆ ನೋಡುತ್ತದೆ. ರೋಗಿ ಕೆಲವು ದಿನಗಳ ಮೇಲೆ ಹೊಟ್ಟೆನೋವು, ಜ್ವರ, ಕಾಮಾಲೆಯೊಂದಿಗೆ ಮರಳುತ್ತಾರೆ. ಅದರ ರಿಪೇರಿಗೆ ಸಣ್ಣ ಕರುಳಿನ ಭಾಗವೊಂದನ್ನು ಮೇಲಕ್ಕೆ ತಂದು ಉಳಿದ ನಾಳಕ್ಕೆ ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆಮೇಲೂ ನಾಳ ಕಿರಿದಾಗುವ, ಸೋಂಕು ಮರುಕಳಿಸುವ ಆತಂಕ ವರ್ಷಗಟ್ಟಲೆ ಜೊತೆಗಿರುತ್ತದೆ. ಮರುದಿನ ಮನೆಗೆ ಹೋಗುವ ಭರವಸೆಯಲ್ಲಿ ಬಂದವರಿಗೆ ಸಿಗಬಾರದ ಫಲ ಇದು.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂಥ 252 ಗಾಯಗಳ ದಾಖಲೆ ಹಾಗೂ ವಿಡಿಯೋಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಕರಣದ ಕೀಲಿಕೈ ಎಂದು ನಾನು ಭಾವಿಸುತ್ತೇನೆ. ಅವರ ಪ್ರಕಾರ ಶೇ 97ರಷ್ಟು ಪ್ರಕರಣಗಳಲ್ಲಿ ಮೂಲ ಕಾರಣ ದೃಷ್ಟಿಭ್ರಮೆ; ಕೈಚಳಕದ ಕೊರತೆ ಕಾರಣವಾಗಿದ್ದು ಶೇ 3ರಷ್ಟರಲ್ಲಿ ಮಾತ್ರ. ಈ ಅಂಕಿಯನ್ನು ವಾರಾಂತ್ಯದ ಕಾರ್ಯಾಗಾರದ ಪಕ್ಕದಲ್ಲಿಟ್ಟು ನೋಡಿದರೆ ಇಡೀ ಸಮಸ್ಯೆ ಬಿಚ್ಚಿಕೊಳ್ಳುತ್ತದೆ. ಎರಡು ದಿನಗಳ ಪ್ರಾತ್ಯಕ್ಷಿಕೆ ಸಿದ್ಧಗೊಳಿಸಿದ್ದು ಕೈಯನ್ನು. ಅಪಾಯ ಇದ್ದುದು ಕಣ್ಣಿನಲ್ಲಿ, ಕಣ್ಣನ್ನು ನಂಬಿದ ಮನಸ್ಸಿನಲ್ಲಿ. ಹಂದಿಯ ನಿಚ್ಚಳ ನಾಳಗಳು ಆ ಭ್ರಮೆಯನ್ನು ಹುಟ್ಟಿಸುವಂಥವಲ್ಲವಾದ್ದರಿಂದ, ಅಂಥದ್ದೊಂದು ಭ್ರಮೆ ಇದೆ ಎಂಬುದನ್ನು ತರಬೇತಿ ಪಡೆದವರು ತಿಳಿಯುವ ಅವಕಾಶವೇ ಇರಲಿಲ್ಲ.

ಲೆಕ್ಕಗಳು ಹೇಳಿದ್ದು

1991ರ ಏಪ್ರಿಲ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಸದರ್ನ್ ಸರ್ಜನ್ಸ್ ಕ್ಲಬ್ ಎಂಬ ಸರ್ಜನ್‌ಗಳ ಬಳಗ 1,518 ಲ್ಯಾಪರೋಸ್ಕೋಪಿಕ್ ಶಸ್ತ್ರಚಿಕಿತ್ಸೆಗಳ ಫಲಿತಾಂಶ ಪ್ರಕಟಿಸಿತು. ಪಿತ್ತನಾಳಕ್ಕೆ ಪೆಟ್ಟಾದದ್ದು 7 ರೋಗಿಗಳಿಗೆ, ಅಂದರೆ ಶೇ 0.5ರಷ್ಟು. ಇದು ತೆರೆದ ಶಸ್ತ್ರಚಿಕಿತ್ಸೆಗಿಂತ ಹೆಚ್ಚಾದರೂ ಗಾಬರಿ ಹುಟ್ಟಿಸುವ ಅಂಕಿಯಲ್ಲ. ಅದರೊಳಗೆ ಅಡಗಿದ್ದ ಇನ್ನೊಂದು ಅಂಕಿ ಬೇರೆಯೇ ಕಥೆ ಹೇಳಿತು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪೆಟ್ಟಿನ ಪ್ರಮಾಣ ಶೇ 2.2, ನಂತರದವರಲ್ಲಿ ಶೇ 0.1. ಕಲಿತವರ ಕೈಯಲ್ಲಿ ಹೊಸ ವಿಧಾನ ಹಳೆಯದರಷ್ಟೇ ಸುರಕ್ಷಿತ. ಕಲಿಯುವ ಅವಧಿಯ ಬೆಲೆಯನ್ನು ತೆತ್ತವರು ಸಾಲಿನಲ್ಲಿ ಮೊದಲು ನಿಂತ ರೋಗಿಗಳು. 55 ಸರ್ಜನ್‌ಗಳ 8,839 ಶಸ್ತ್ರಚಿಕಿತ್ಸೆಗಳನ್ನು ಆಧರಿಸಿ 1995ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕಾಚಾರದಲ್ಲಿಯೂ ಇದೇ ಚಿತ್ರ: ಪೆಟ್ಟುಗಳಲ್ಲಿ ಶೇ 90ರಷ್ಟು ಆಯಾ ಸರ್ಜನ್‌ನ ಮೊದಲ 30 ಶಸ್ತ್ರಚಿಕಿತ್ಸೆಗಳಲ್ಲೇ ಆಗಿದ್ದವು, ಮೊದಲನೆಯದರಲ್ಲಿ ಶೇ 1.7ರಷ್ಟಿದ್ದ ಸಂಭವ ಐವತ್ತನೆಯದರ ಹೊತ್ತಿಗೆ ಶೇ 0.17ಕ್ಕೆ ಇಳಿದಿತ್ತು.

ಕಾರ್ಯಾಗಾರವನ್ನೇ ನೇರವಾಗಿ ತೂಗಿ ನೋಡಿದ ಅಧ್ಯಯನ 1993ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಅದು ಮೂತ್ರಾಂಗ ವಿಭಾಗದ ಸರ್ಜನ್‌ಗಳನ್ನು ಕುರಿತದ್ದು. ಲ್ಯಾಪರೋಸ್ಕೋಪಿಯ ಚಿಕ್ಕ ತರಬೇತಿ ಮುಗಿಸಿದವರಲ್ಲಿ, ಅಷ್ಟಕ್ಕೇ ನಿಲ್ಲಿಸಿ ರೋಗಿಗಳ ಮೇಲೆ ಶಸ್ತ್ರಚಿಕಿತ್ಸೆ ಶುರುಮಾಡಿದವರು, ಮುಂದೆಯೂ ತರಬೇತಿ ಪಡೆದವರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿ ತೊಡಕುಗಳನ್ನು ಎದುರಿಸಿದ್ದರು. ಅದಕ್ಕಿಂತ ಕುತೂಹಲಕರವಾದದ್ದು ಉಳಿದ ಅಂಶಗಳು: ತರಬೇತಿಗೆ ಒಬ್ಬರೇ ಬಂದವರು, ಒಂಟಿಯಾಗಿ ವೃತ್ತಿ ನಡೆಸುವವರು, ಪ್ರತಿ ಬಾರಿ ಬೇರೆ ಬೇರೆ ಸಹಾಯಕರನ್ನು ಇಟ್ಟುಕೊಂಡು ಶಸ್ತ್ರಚಿಕಿತ್ಸೆ ಮಾಡಿದವರು ಹೆಚ್ಚು ತೊಂದರೆಗೆ ಸಿಲುಕಿದ್ದರು. ಪ್ರಾತ್ಯಕ್ಷಿಕೆಯ ಮೇಜಿನ ಮುಂದೆ ನಾವು ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳುತ್ತೇವೆ, ಅವರ ಕೈಗೆ ಉಪಕರಣ ಕೊಡುತ್ತೇವೆ. ಥಿಯೇಟರಿನಲ್ಲಿ ಉಪಕರಣ ಸಿಗುವುದು ತಂಡಕ್ಕೆ. ಕ್ಯಾಮೆರಾ ಹಿಡಿದವರ ಕೈ ನಡುಗಿದರೆ ಸರ್ಜನ್‌ನ ಕಣ್ಣೇ ನಡುಗಿದಂತೆ.

ಇಷ್ಟಾದರೂ ವಿಧಾನವನ್ನು ಹಿಂದೆಗೆದುಕೊಳ್ಳುವ ಮಾತು ಯಾರಿಂದಲೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. 1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ, ಲಕ್ಷಣಗಳಿರುವ ಪಿತ್ತಕೋಶದ ಕಲ್ಲಿಗೆ ಹೆಚ್ಚಿನ ರೋಗಿಗಳಲ್ಲಿ ಇದು ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಒಪ್ಪಿತು. ಆ ಹೊತ್ತಿಗೆ ಆ ದೇಶದ ಪಿತ್ತಕೋಶ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಶೇ 80 ಲ್ಯಾಪರೋಸ್ಕೋಪ್ ಮೂಲಕವೇ ನಡೆಯುತ್ತಿದ್ದವು. ದೊಡ್ಡ ಹೋಲಿಕಾ ಪರೀಕ್ಷೆಗಳಿಗೆ ಜಾಗವೇ ಉಳಿಯದಷ್ಟು ವೇಗ ಅದು. ತಡವಾಗಿ, 1996ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 200 ರೋಗಿಗಳ ಮೇಲೆ ಅಂಥದ್ದೊಂದು ಪರೀಕ್ಷೆಯ ಫಲಿತಾಂಶ ಬಂತು. ಯಾವ ವಿಧಾನ ನಡೆದಿದೆ ಎಂಬುದು ರೋಗಿಗೂ ಆರೈಕೆ ಮಾಡುವವರಿಗೂ ತಿಳಿಯದಂತೆ ಎಲ್ಲರ ಹೊಟ್ಟೆಗೂ ಒಂದೇ ರೀತಿಯ ಪಟ್ಟಿ ಅಂಟಿಸಲಾಗಿತ್ತು. ಚಿಕ್ಕ ಗಾಯದ ತೆರೆದ ಶಸ್ತ್ರಚಿಕಿತ್ಸೆಗೂ ಲ್ಯಾಪರೋಸ್ಕೋಪಿಗೂ ಆಸ್ಪತ್ರೆ ವಾಸದಲ್ಲಾಗಲಿ ಚೇತರಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊಸದನ್ನು ಕಣ್ಣಾರೆ ಕಂಡವರಿಗೆ ಇದು ಬೇಕಾಗಿರಲಿಲ್ಲ. ಓದಿ ಮುಂದೆ ಸಾಗಿದರು.

ತಿದ್ದುಪಡಿಗಳು

ನ್ಯೂಯಾರ್ಕಿನ ಸೂಚನೆ ಕಾರ್ಯಾಗಾರವನ್ನು ನಿಷೇಧಿಸಲಿಲ್ಲ. ಅದಕ್ಕೂ ಮೊದಲ ರೋಗಿಗೂ ನಡುವೆ ಒಂದು ಮೆಟ್ಟಿಲನ್ನು ಇಟ್ಟಿತು: ಬಲ್ಲವರೊಬ್ಬರು ಪಕ್ಕದಲ್ಲಿ ನಿಂತಿರುವ ಹದಿನೈದು ಶಸ್ತ್ರಚಿಕಿತ್ಸೆಗಳು. ಸದರ್ನ್ ಸರ್ಜನ್ಸ್ ಕ್ಲಬ್‌ನ 13ಕ್ಕೂ ಈ 15ಕ್ಕೂ ಇರುವ ಸಾಮೀಪ್ಯ ಗಮನಾರ್ಹ. ಆದರೂ ಸಂಖ್ಯೆಗಿಂತ ಪಕ್ಕದಲ್ಲಿ ನಿಲ್ಲುವ ವ್ಯಕ್ತಿಯೇ ಇಲ್ಲಿ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಭ್ರಮೆಯಲ್ಲಿರುವವರಿಗೆ ತಾವು ಭ್ರಮೆಯಲ್ಲಿದ್ದೇವೆಂದು ತಿಳಿಯುವುದಿಲ್ಲ, ‘ಸ್ವಲ್ಪ ತಡೆಯಿರಿ’ ಎನ್ನಲು ಎರಡನೆಯ ಜೋಡಿ ಕಣ್ಣು ಬೇಕು.

ಬ್ರಿಟನ್ನಿನ ದಾರಿ ಬೇರೆಯಾಗಿತ್ತು. ಕೇವಲ ಕೈಚಳಕ ಗಳಿಸುವುದಕ್ಕಾಗಿ ಜೀವಂತ ಪ್ರಾಣಿಗಳನ್ನು ಬಳಸಲು ಅಲ್ಲಿನ ಕಾನೂನು 1876ರಿಂದಲೇ ಅವಕಾಶ ಕೊಟ್ಟಿರಲಿಲ್ಲ. ಹಾಗಾಗಿ ಅಲ್ಲಿನವರು ಪೆಟ್ಟಿಗೆಯೊಳಗಿಟ್ಟ ಪ್ರಾಣಿಗಳ ಅಂಗಾಂಶ ಮತ್ತು ಕೃತಕ ಮಾದರಿಗಳ ಕಡೆ ತಿರುಗಿದರು, ಇಲ್ಲವೇ ಯುರೋಪಿನ ಇತರ ದೇಶಗಳಿಗೆ ಹೋಗಿ ಕಲಿತುಬಂದರು.

ಕಣ್ಣಿನ ಸಮಸ್ಯೆಗೆ ನೇರ ಉತ್ತರ ಕೊಟ್ಟವರು ಸೇಂಟ್ ಲೂಯಿಯ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು. 1995ರಲ್ಲಿ ಅವರು ವಿವರಿಸಿದ ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ (ಸುರಕ್ಷತೆಯ ನಿರ್ಣಾಯಕ ದೃಶ್ಯ) ಇಂದು ಲೋಕವಿಖ್ಯಾತ. ಪಿತ್ತಕೋಶ, ನಾಳ ಮತ್ತು ಯಕೃತ್ತಿನ ನಡುವಿನ ತ್ರಿಕೋನಾಕಾರದ ಜಾಗವನ್ನು ಕೊಬ್ಬು ಹಾಗೂ ನಾರಿನ ಅಂಗಾಂಶದಿಂದ ಪೂರ್ತಿ ಬಿಡಿಸಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು. ಪಿತ್ತಕೋಶವನ್ನು ಸೇರುವ ಎರಡೇ ಎರಡು ರಚನೆಗಳು, ಒಂದು ನಾಳ ಮತ್ತು ಒಂದು ರಕ್ತನಾಳ, ಕಾಣಬೇಕು. ಈ ಮೂರೂ ಆಗುವವರೆಗೆ ಕ್ಲಿಪ್ ಹಾಕುವಂತಿಲ್ಲ. ಇದರ ಜಾಣತನವಿರುವುದು ‘ಇದು ಸಣ್ಣ ನಾಳ ಎಂದು ನನಗೆ ಅನ್ನಿಸುತ್ತಿದೆ’ ಎಂಬ ಅನಿಸಿಕೆಯನ್ನು ಒಪ್ಪದೆ, ಪಕ್ಕದವರೂ ಪರಿಶೀಲಿಸಬಹುದಾದ ದೃಶ್ಯವನ್ನು ಬೇಡುವುದರಲ್ಲಿ.

ಕೈಯ ಅಭ್ಯಾಸವೂ ಕಾರ್ಯಾಗಾರದ ಎರಡು ದಿನಗಳಿಂದ ಹೊರಬಂತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಫ್ರೀಡ್ ಮತ್ತು ಸಂಗಡಿಗರು ಬೆಳೆಸಿದ ಅಭ್ಯಾಸಗಳನ್ನು ಆಧರಿಸಿ ಅಮೆರಿಕದ ಎಂಡೋಸ್ಕೋಪಿಕ್ ಸರ್ಜನ್‌ಗಳ ಸಂಘ 2004ರಲ್ಲಿ ‘ಫಂಡಮೆಂಟಲ್ಸ್ ಆಫ್ ಲ್ಯಾಪರೋಸ್ಕೋಪಿಕ್ ಸರ್ಜರಿ’ ಪರೀಕ್ಷೆಯನ್ನು ಜಾರಿಗೆ ತಂದಿತು. ಮುಚ್ಚಿದ ಪೆಟ್ಟಿಗೆ, ಒಳಗೊಂದು ಕ್ಯಾಮೆರಾ, ಮುಂದೊಂದು ಪರದೆ. ಮೊದಲ ಅಭ್ಯಾಸದಲ್ಲಿ ಆರು ಚಿಕ್ಕ ರಬ್ಬರ್ ತುಂಡುಗಳನ್ನು ಒಂದು ಕಡೆಯ ಗೂಟಗಳಿಂದ ಇಕ್ಕಳದಲ್ಲಿ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಯ ಇಕ್ಕಳಕ್ಕೆ ದಾಟಿಸಿ, ಎದುರು ಗೂಟಗಳಿಗೆ ಹಾಕಬೇಕು, ಮತ್ತೆ ಹಾಗೆಯೇ ಮರಳಿಸಬೇಕು. ಐದನೆಯದರಲ್ಲಿ ಪೆಟ್ಟಿಗೆಯೊಳಗೇ ಹೊಲಿಗೆ ಹಾಕಿ ಗಂಟು ಕಟ್ಟಬೇಕು. ಸಮಯವನ್ನೂ ತಪ್ಪುಗಳನ್ನೂ ಎಣಿಸುತ್ತಾರೆ. ಇದರ ಜೊತೆಗೆ ತಿಳಿವಳಿಕೆ ಮತ್ತು ವಿವೇಚನೆಯನ್ನು ಅಳೆಯುವ ಬೇರೆಯೇ ಪರೀಕ್ಷೆ ಇದೆ. ಇಲ್ಲಿ ಪ್ರಮಾಣಪತ್ರ ಸಿಗುವುದು ಹಾಜರಾತಿಗಲ್ಲ, ತೇರ್ಗಡೆಗೆ. ಕೆಲವು ವರ್ಷಗಳಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಾ ಮಂಡಳಿ ತನ್ನ ಅಭ್ಯರ್ಥಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು, 2002ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ 16 ಕಿರಿಯ ವೈದ್ಯರನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯಲ್ಲಿ, ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ನಿಗದಿತ ಮಟ್ಟ ಮುಟ್ಟುವವರೆಗೆ ಅಭ್ಯಾಸ ಮಾಡಿದವರು ನಿಜವಾದ ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವಾಗ ಶೇ 29ರಷ್ಟು ಬೇಗ ಕೆಲಸ ಮುಗಿಸಿದ್ದರು, ತಪ್ಪುಗಳನ್ನೂ ಬಹಳ ಕಡಿಮೆ ಮಾಡಿದ್ದರು. ‘ನಿಗದಿತ ಮಟ್ಟ ಮುಟ್ಟುವವರೆಗೆ’ ಎಂಬುದು ಇಲ್ಲಿ ನಿರ್ಣಾಯಕ. ಎರಡು ದಿನ ಎಂದಲ್ಲ, ಇಷ್ಟು ಗಂಟೆ ಎಂದೂ ಅಲ್ಲ.

ನಮ್ಮ ಕಡೆ

ಭಾರತದಲ್ಲಿ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ನಡೆದದ್ದು 1990ರಲ್ಲಿ, ಮುಂಬೈಯಲ್ಲಿ, ತೆಹಮ್ಟನ್ ಉದ್ವಾಡಿಯಾ ಅವರಿಂದ. ಅವರಿಗೂ ಅಮೆರಿಕದ ವಾರಾಂತ್ಯದ ಅಭ್ಯರ್ಥಿಗೂ ಒಂದು ದೊಡ್ಡ ವ್ಯತ್ಯಾಸವಿತ್ತು. 1970ರ ದಶಕದ ಆರಂಭದಿಂದಲೇ ಅವರು ರೋಗನಿರ್ಣಯಕ್ಕಾಗಿ ಲ್ಯಾಪರೋಸ್ಕೋಪ್ ಬಳಸುತ್ತಿದ್ದರು. ಸ್ಕ್ಯಾನ್ ಸೌಲಭ್ಯ ವಿರಳವಾಗಿದ್ದ ಕಾಲದಲ್ಲಿ ಹೊಟ್ಟೆಯ ಕ್ಷಯದಂಥ ಕಾಯಿಲೆಗಳನ್ನು ಪತ್ತೆಮಾಡಲು ಅದು ಅಗ್ಗದ ದಾರಿಯಾಗಿತ್ತು. ಶಸ್ತ್ರಚಿಕಿತ್ಸೆಗೆ ಕೈಹಾಕುವ ಹೊತ್ತಿಗೆ ಲ್ಯಾಪರೋಸ್ಕೋಪ್ ತೋರಿಸುವ ಹೊಟ್ಟೆಯನ್ನು ಓದುವ ಅಭ್ಯಾಸ ಅವರ ಕಣ್ಣಿಗೆ ಸುಮಾರು ಎರಡು ದಶಕಗಳಷ್ಟು ಹಳೆಯದಾಗಿತ್ತು. 1993ರಲ್ಲಿ ಭಾರತೀಯ ಸರ್ಜನ್‌ಗಳು ಈ ಕ್ಷೇತ್ರಕ್ಕೆ ತಮ್ಮದೇ ಸಂಘ ಕಟ್ಟಿಕೊಂಡರು. ಅದು ನಡೆಸುವ ಫೆಲೋಶಿಪ್ ತರಬೇತಿಗಳಿಗೆ ಜಿಲ್ಲಾ ಕೇಂದ್ರಗಳ ಸರ್ಜನ್‌ಗಳೂ ಹೋಗಿಬರುತ್ತಾರೆ. 2019ರಲ್ಲಿ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮ ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ಸ್ ಲ್ಯಾಬ್ ಇರಬೇಕೆಂದು ವಿಧಿಸಿದೆ. ಬೆಂಗಳೂರಿನಲ್ಲಿ ಇಂದು ಮೃತದೇಹಗಳ ಮೇಲೆ ಹೊಸ ವಿಧಾನಗಳನ್ನು ಅಭ್ಯಾಸ ಮಾಡುವ ಸೌಲಭ್ಯವೂ ಇದೆ.

ಸಮಾವೇಶಗಳ ಮಳಿಗೆಗಳಲ್ಲಿ ಈಗ ಲ್ಯಾಪರೋಸ್ಕೋಪ್ ಇದ್ದ ಜಾಗಕ್ಕೆ ಶಸ್ತ್ರಚಿಕಿತ್ಸಾ ರೋಬೋ ಬಂದಿದೆ. ಕುರ್ಚಿಯಲ್ಲಿ ಕುಳಿತು, ಕನ್ನಡಕದಂಥ ಪರದೆಗೆ ಮುಖವಿಟ್ಟು, ಬೆರಳುಗಳ ತುದಿಯಿಂದ ರಬ್ಬರ್ ಬಳೆಗಳನ್ನು ಎತ್ತಿಟ್ಟು ನೋಡಲು ಸರ್ಜನ್‌ಗಳು ಸಾಲು ನಿಲ್ಲುತ್ತಾರೆ. ನಿಲ್ಲಬೇಕಾದದ್ದೇ, ಮುಟ್ಟದೆ ಯಾವ ಉಪಕರಣವೂ ಅರ್ಥವಾಗುವುದಿಲ್ಲ. ಆ ಕುರ್ಚಿಯಿಂದ ಎದ್ದವರು ತಯಾರಕರನ್ನು ಕೇಳಬೇಕಾದ ಪ್ರಶ್ನೆಗಳು ಮಾತ್ರ 1992ರಿಂದ ಬದಲಾಗಿಲ್ಲ. ಈ ಮಾದರಿ ಯಾವ ಕಾಯಿಲೆಯನ್ನು ತೋರಿಸುತ್ತಿಲ್ಲ? ನನ್ನ ಮೊದಲ ರೋಗಿಯ ದಿನ ನನ್ನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ನನ್ನ ಥಿಯೇಟರಿನ ನರ್ಸ್‌ಗೆ, ಸಹಾಯಕರಿಗೆ ಯಾರು ಕಲಿಸುತ್ತಾರೆ?

ಪಿತ್ತಕೋಶದ ವಿಷಯದಲ್ಲಿ ಅಮೆರಿಕದ ಎಂಡೋಸ್ಕೋಪಿಕ್ ಸರ್ಜನ್‌ಗಳ ಸಂಘದ ಸುರಕ್ಷತಾ ಕಾರ್ಯಕ್ರಮ ಇಂದು ಕೊಡುವ ಸಲಹೆಗಳಲ್ಲಿ ಎರಡಕ್ಕೆ ಯಾವ ಉಪಕರಣವೂ ಬೇಡ. ಯಾವುದೇ ನಾಳಕ್ಕೆ ಕ್ಲಿಪ್ ಹಾಕುವ ಅಥವಾ ಕತ್ತರಿಸುವ ಮುನ್ನ ಒಂದು ಕ್ಷಣ ಕೈ ನಿಲ್ಲಿಸಿ, ಸುರಕ್ಷತೆಯ ದೃಶ್ಯ ನಿಜವಾಗಿಯೂ ಸಿಕ್ಕಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಂದು. ಕಷ್ಟವೆನಿಸಿದಾಗ ಇನ್ನೊಬ್ಬ ಸರ್ಜನ್‌ನನ್ನು ಥಿಯೇಟರಿಗೆ ಕರೆಯುವುದು ಇನ್ನೊಂದು.